ಹನ್ನೆರಡಾಣೆ ಹುಡುಗ

ನಾಲ್ಕು ಊರಿನ ಸ್ಕೂಲುಗಳಿಂದ ಅಂಕಪಟ್ಟಿ ತರಿಸಿ, ಕೂಡಿ, ಭಾಗಿಸಿ, ಮೇಲೆ ಬಂದ ಒಬ್ಬ ಹುಡುಗನ ಹೆಸರು ಬರೆದುಕೊಡಿ ಎಂದು ಇನ್ಸ್‌ಪೆಕ್ಟರು ಹೇಳಿದಾಗ ಅದು ಎರಡು ಮಧ್ಯಾಹ್ನದ ಕೆಲಸ ಎಂದುಕೊಂಡೆ. ಕೂಡುವುದು, ಭಾಗಿಸುವುದು ಬಾರದೆ ಇಷ್ಟು ದೊಡ್ಡವನಾದೆನೇ ಎಂಬ ಜಂಬ ಬೇರೆ. ಆ ಕೆಲಸ ನನ್ನ ಒಂದು ಇಡೀ ಬೇಸಿಗೆಯನ್ನು ನುಂಗಿ ನೀರು ಕುಡಿಯಿತು.

ಆಗ ನಾನು ಬೆಂಗಳೂರಿನಲ್ಲಿ ಸ್ಕೂಲ್ ಇನ್ಸ್‌ಪೆಕ್ಟರ ಕಚೇರಿಯಲ್ಲಿ ಸಹಾಯಕ. ಮೈಸೂರು ಸೀಮೆಗೆ ತನ್ನದೇ ಆದ ವಿಶ್ವವಿದ್ಯಾನಿಲಯ ಬಂದ ಹೊಸತು. ಹಳ್ಳಿ ಕಡೆಯ ಹುಡುಗರೂ ಕಾಲೇಜಿನ ಮೆಟ್ಟಿಲು ಹತ್ತಬೇಕು ಎಂದು ಎಲ್ಲರೂ ಭಾಷಣ ಮಾಡುತ್ತಿದ್ದರು. ಆ ಉತ್ಸಾಹದಲ್ಲಿ ಕ್ಲೋಸ್‌ಪೇಟೆ, ಚನ್ನಪಟ್ಟಣ, ಮಾಗಡಿ, ಕಾನಕಾನಹಳ್ಳಿ ಈ ನಾಲ್ಕು ತಾಲ್ಲೂಕುಗಳಿಗೆ ಸೇರಿ ಬೆಂಗಳೂರಿನ ಹೈಸ್ಕೂಲಿನಲ್ಲಿ ಒಂದು ಜಾಗ ಕಾದಿಟ್ಟಿದ್ದರು. ಊಟ, ವಸತಿ, ಪುಸ್ತಕ ಎಲ್ಲ ಪುಕ್ಕಟೆ. ಈಗ ರಾಮನಗರ ಎನ್ನುವ ಊರೇ ಆಗಿನ ಕ್ಲೋಸ್‌ಪೇಟೆ. ಕನಕಪುರವೇ ಆಗಿನ ಕಾನಕಾನಹಳ್ಳಿ. ನಾಲ್ಕು ಊರಿಗೆ ಒಂದು ಜಾಗ, ಒಬ್ಬ ಹುಡುಗ. ಮಾಧ್ಯಮಿಕ ಶಾಲೆಯ ಕೊನೆಯ ಮೂರು ವರ್ಷ ಅವರವರ ಮೇಷ್ಟ್ರು ಕೊಟ್ಟ ಅಂಕಗಳ ಸರಾಸರಿ ಯಾರದು ಹೆಚ್ಚೋ ಅವನಿಗೆ.

ಸರಾಸರಿ ಎಂಬ ಮಾತಿನ ಮೇಲೆ ನನಗೆ ಮೊದಲೇ ಒಳಗೊಳಗೆ ಮುನಿಸಿತ್ತು. ಬಿ.ಎ.ಯಲ್ಲಿ ಎರಡನೆಯ ದರ್ಜೆ ಮೂರು ಅಂಕದಲ್ಲಿ ತಪ್ಪಿ ಮೂರನೆಯ ದರ್ಜೆಗೆ ಬಿದ್ದವನು ನಾನು. ವಿಶ್ವವಿದ್ಯಾನಿಲಯದ ಲೆಕ್ಕ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮೊದಲು ಒಂದೊಂದು ವಿಷಯದಲ್ಲೂ ಕನಿಷ್ಠ ಅಂಕ ದಾಟಬೇಕು. ಒಂದರಲ್ಲಿ ತಪ್ಪಿದರೆ ಉಳಿದದ್ದರಲ್ಲಿ ಏನು ಬಂದರೂ ನಪಾಸು. ಎಲ್ಲ ದಾಟಿದ ಮೇಲೆ ಒಟ್ಟು ಕೂಡಿ ದರ್ಜೆ ಕಟ್ಟುತ್ತಾರೆ. ಗೆರೆಯ ಮೇಲೆ ಕೂತವನು ಜಾಣ, ಗೆರೆಯಿಂದ ಮೂರು ಅಂಕ ಜಾರಿದವನು ಸಾಮಾನ್ಯ. ನನ್ನ ಉತ್ತರಪತ್ರಿಕೆ ನೋಡಿದವರು ಬೇರೆ, ಪಕ್ಕದ ಬೆಂಚಿನವನದನ್ನು ನೋಡಿದವರು ಬೇರೆ. ಇಬ್ಬರ ಕೈಯ ಅಳತೆ ಒಂದೇನಾ ಎಂದು ಯಾರೂ ಕೇಳಲಿಲ್ಲ. ಮಾಗಡಿಯ ಕೊಳಗಕ್ಕೂ ಚನ್ನಪಟ್ಟಣದ ಕೊಳಗಕ್ಕೂ ವ್ಯತ್ಯಾಸವಿದ್ದ ಕಾಲ ಅದು. ರಾಗಿ ಕೊಳ್ಳುವ ಹೆಂಗಸರು ಕೂಡ ಯಾವೂರ ಕೊಳಗ ಎಂದು ಕೇಳಿಯೇ ಸೆರಗೊಡ್ಡುತ್ತಿದ್ದರು. ಅಂಕದ ವಿಷಯದಲ್ಲಿ ಮಾತ್ರ ಆ ಪ್ರಶ್ನೆ ಇಲ್ಲ.

ಇನ್ಸ್‌ಪೆಕ್ಟರು ಕೊಟ್ಟ ಅಚ್ಚಿನ ಹಾಳೆಯಲ್ಲಿ ಮೂರು ಕಂಬಗಳಿದ್ದವು. ಪೂರ್ಣಾಂಕ, ಪಡೆದ ಅಂಕ, ನೂರಕ್ಕೆ ಎಷ್ಟು. ಮೊದಲಿನ ಎರಡನ್ನು ಹೆಡ್‌ಮೇಷ್ಟ್ರು ತಮ್ಮ ಕೈಯಾರೆ ತುಂಬಿ ರುಜು ಹಾಕಬೇಕು. ಮೂರನೆಯದು ನನ್ನದು.

"ಮೊದಲಿನ ಎರಡು ಕಂಬದಲ್ಲಿ ನಿಮ್ಮ ಪೆನ್ನು ಸೋಕಕೂಡದು. ಹೆಡ್‌ಮೇಷ್ಟ್ರು ಬರೆದದ್ದೇ ಕಡೆ ಮಾತು. ತಿಳಿಯಿತೇನ್ರೀ?" ಎಂದಿದ್ದರು ಇನ್ಸ್‌ಪೆಕ್ಟರು.

ತಿಳಿಯಿತು ಎಂದೆ.

ಮೊದಲು ಹೋದದ್ದು ಕ್ಲೋಸ್‌ಪೇಟೆಗೆ, ರೈಲು ಇಳಿದರೆ ಸ್ಕೂಲು. ಅಲ್ಲಿನ ಹೆಡ್‌ಮೇಷ್ಟ್ರು ನೂರಕ್ಕೇ ಅಂಕ ಕೊಡುವವರು. ನನಗೆ ಸಮಾಧಾನವಾಯಿತು. ಪಟ್ಟಿ ನೋಡಿದರೆ ಮೊದಲನೆಯ ಹುಡುಗನಿಗೆ ಐವತ್ತೆಂಟು. ಒಂದು ದೀರ್ಘ ತಪ್ಪಿದರೆ ಅರ್ಧ ಅಂಕ ಕಳೆಯುವ ಮನುಷ್ಯ. ಅಕ್ಷರ ದುಂಡಗಿಲ್ಲದಿದ್ದರೆ ಅದಕ್ಕೂ ಕಳೆಯುತ್ತಿದ್ದರು. ಹುಡುಗ ಬರೆದ ಉತ್ತರ ಸರಿಯಿದ್ದರೂ ಬರೆದ ರೀತಿ ಹಿಡಿಸದಿದ್ದರೆ ಅಂಚಿನಲ್ಲಿ ಕೆಂಪು ಶಾಯಿಯ ಒಂದು ಕೊಕ್ಕೆ.

ಚನ್ನಪಟ್ಟಣದಲ್ಲಿ ಇದಕ್ಕೆ ಪೂರಾ ತಿರುಗುಮುರುಗು. ಅಲ್ಲಿನವರೂ ನೂರಕ್ಕೇ ಕೊಡುವುದು. ಆದರೆ ನೂರರಿಂದ ಶುರುಮಾಡಿ ಮನಸ್ಸಿಲ್ಲದ ಮನಸ್ಸಿನಿಂದ ಒಂದೋ ಎರಡೋ ಇಳಿಸುತ್ತಿದ್ದರು. ತರಗತಿಯ ಕಟ್ಟಕಡೆಯ ಹುಡುಗನಿಗೂ ಎಪ್ಪತ್ತೆಂಟು. ಮೊದಲನೆಯವನಿಗೆ ಎಂಬತ್ತೊಂಬತ್ತು. ಆ ಹೆಡ್‌ಮೇಷ್ಟ್ರು ನಗುನಗುತ್ತಲೇ ಹೇಳಿದರು:

"ಕಮ್ಮಿ ಕೊಟ್ರೆ ಅಪ್ಪಂದಿರು ಮಕ್ಕಳನ್ನ ಬಿಡಿಸಿ ಬಣ್ಣದ ಗೊಂಬೆ ಮಾಡೋಕೆ ಕೂರಿಸ್ತಾರೆ ಸ್ವಾಮಿ. ಅಕ್ಕೂರಿಂದ ಬರೋ ಹುಡುಗ್ರನ್ನ ರೇಷ್ಮೆಹುಳ ಸಾಕೋಕೆ ಎಳ್ಕೊಂಡು ಹೋಯ್ತಾರೆ. ಅಂಕ ಕೊಟ್ರೆ ನನ್ನ ಗಂಟೇನು ಹೋಯ್ತದೆ?"

ಮಾಗಡಿಗೆ ಕೂಟಗಲ್ ದಾರಿಯಲ್ಲಿ ಗಾಡಿಯಲ್ಲಿ ಹೋದೆ. ಅಲ್ಲಿ ಅಂಕವೇ ಇಲ್ಲ. ಉತ್ತಮ, ಮಧ್ಯಮ, ಸಾಧಾರಣ ಎಂಬ ಮೂರು ಮಾತು. ಇದನ್ನು ಕೂಡುವುದು ಹೇಗೆ ಸ್ವಾಮಿ, ಭಾಗಿಸುವುದು ಹೇಗೆ ಎಂದು ತಲೆ ಹಿಡಿದುಕೊಂಡಾಗ ಅಲ್ಲಿನ ಹೆಡ್‌ಮೇಷ್ಟ್ರು ನನ್ನ ಮೇಲೆ ಕರುಣೆ ತೋರಿಸಿ, ಉತ್ತಮಕ್ಕೆ ಎಪ್ಪತ್ತೈದು, ಮಧ್ಯಮಕ್ಕೆ ಐವತ್ತು, ಸಾಧಾರಣಕ್ಕೆ ಮೂವತ್ತೈದು ಎಂದು ಅಲ್ಲೇ ನಿಂತ ನಿಲುವಿನಲ್ಲಿ ಬೆಲೆ ಕಟ್ಟಿದರು. ಹೀಗೆ ಮಾಡಿದ್ದರಿಂದ ಎಲ್ಲದರಲ್ಲೂ ಉತ್ತಮ ಬಂದ ನಾಲ್ವರಿಗೂ ಎಪ್ಪತ್ತೈದೇ ಬಂತು. ಆ ನಾಲ್ವರಲ್ಲಿ ಒಬ್ಬ ಕೂದಲೆಳೆಯಲ್ಲಿ ಉತ್ತಮನಾದವನು, ಇನ್ನೊಬ್ಬ ನಿಜಕ್ಕೂ ಉತ್ತಮ. ಆ ವ್ಯತ್ಯಾಸ ಎಲ್ಲಿ ಹೋಯಿತೋ ದೇವರೇ ಬಲ್ಲ.

ಕೊನೆಗೆ ಕಾನಕಾನಹಳ್ಳಿ. ಕ್ಲೋಸ್‌ಪೇಟೆಯಲ್ಲಿ ಇಳಿದು ಕೈಲಾಂಚದ ಕಡೆಯಿಂದ ಎತ್ತಿನ ಗಾಡಿ. ಬೆಳಿಗ್ಗೆ ಹೊರಟವನು ಊರು ಸೇರುವಾಗ ಸೊಂಟ ಎರಡು ತುಂಡಾಗಿತ್ತು. ಹೆಡ್‌ಮೇಷ್ಟ್ರು ವಯಸ್ಸಾದವರು. ಹಣೆಯ ತುಂಬ ವಿಭೂತಿ, ಹೆಗಲ ಮೇಲೆ ಮಡಿಸಿದ ಶಲ್ಯ. ಪಟ್ಟಿ ಕೊಟ್ಟರು. ಮೊದಲ ಸಾಲಿನ ಹುಡುಗನಿಗೆ ಗಣಿತ ಹನ್ನೆರಡು. ಕನ್ನಡ ಹನ್ನೊಂದು. ಇಂಗ್ಲಿಷು ಹನ್ನೊಂದೂವರೆ.

"ಇದು ಎಷ್ಟಕ್ಕೆ ಮೇಷ್ಟ್ರೇ?"

"ಇನ್ನೆಷ್ಟಕ್ಕೆ? ಹದಿನಾರಾಣೆಗೆ."

ಅವರು ಅಂಕವನ್ನು ಆಣೆಯಲ್ಲಿ ಕೊಡುತ್ತಿದ್ದರು. ರೂಪಾಯಿಗೆ ಹದಿನಾರಾಣೆ, ಆಣೆಗೆ ಹನ್ನೆರಡು ಪೈ ಹೇಗೋ ವಿದ್ಯೆಗೂ ಹಾಗೆ. ಅವರಿಗೆ ಕಲಿಸಿದ ಕೂಲಿಮಠದ ಅಯ್ಯನವರೂ ಹಾಗೇ ಕೊಡುತ್ತಿದ್ದರಂತೆ. ಹುಡುಗರೂ ಊರಿನವರೂ ಅದನ್ನೇ ಆಡುತ್ತಿದ್ದರು. ಆ ಹುಡುಗ ಎಂಟಾಣೆ, ಈ ಹುಡುಗ ಆರಾಣೆ ಎಂದರೆ ಎಲ್ಲರಿಗೂ ಅರ್ಥವಾಗುತ್ತಿತ್ತು. ನಾನು ಪಟ್ಟಿಯಲ್ಲಿ ಬೆರಳಾಡಿಸಿದೆ. ಮೂರು ವರ್ಷದಲ್ಲಿ ಒಬ್ಬನಿಗೂ ಹನ್ನೆರಡರ ಮೇಲಿಲ್ಲ. ಹನ್ನೆರಡು ಮುಟ್ಟಿದವನೂ ಒಬ್ಬನೇ. ಅವನ ಸರಾಸರಿ ಹನ್ನೊಂದೂವರೆ. ಅವನ ನಂತರದವನದು ಎಂಟು.

"ಹದಿನಾರು ಯಾರಿಗೂ ಕೊಟ್ಟೇ ಇಲ್ಲವೇ?"

ನನ್ನನ್ನು ಪಾಪ ಎನ್ನುವ ಹಾಗೆ ನೋಡಿದರು.

"ಹದಿನಾರಾಣೆ ಗೊತ್ತಿರೋನು ಮ್ಯಾಲಿರೋ ದೇವ್ರೊಬ್ಬನೇ ಸೋಮಿ. ಹದಿನಾಕಾಣೆ ಗೊತ್ತಿದ್ರೆ ಅವ್ನು ಮೇಷ್ಟ್ರು. ಕಲಿಯೋ ಐಕ್ಳಿಗೆ ಹನ್ನೆರಡು. ಅದ್ಕೂ ಮ್ಯಾಕೆ ನಾ ಯಾರ್ಗೂ ಕೊಟ್ಟಿಲ್ಲ, ಕೊಡಾಕೂ ಇಲ್ಲ."

ಬೆಂಗಳೂರಿಗೆ ಬಂದು ಮೂರನೆಯ ಕಂಬ ತುಂಬಿದೆ. ಹದಿನಾರಕ್ಕೆ ಹನ್ನೊಂದೂವರೆ ಎಂದರೆ ನೂರಕ್ಕೆ ಎಪ್ಪತ್ತೆರಡರ ಹತ್ತಿರ. ಚನ್ನಪಟ್ಟಣ ಎಂಬತ್ತೊಂಬತ್ತು. ಮಾಗಡಿ ಎಪ್ಪತ್ತೈದು. ಕ್ಲೋಸ್‌ಪೇಟೆ ಐವತ್ತೆಂಟು. ಲೆಕ್ಕ ಮುಗಿಯಿತು, ಚನ್ನಪಟ್ಟಣದ ಹುಡುಗನ ಹೆಸರು ಬರೆದರೆ ಮನೆಗೆ ಹೋಗಬಹುದಿತ್ತು. ಪೆನ್ನು ಅದ್ದಿ ಕೂತೆ, ಬರೆಯಲು ಕೈ ಬರಲಿಲ್ಲ. ಚನ್ನಪಟ್ಟಣದ ಕಟ್ಟಕಡೆಯ ಹುಡುಗನೂ ಕ್ಲೋಸ್‌ಪೇಟೆಯ ಮೊದಲಿಗನಿಗಿಂತ ಜಾಣ ಎಂದು ಈ ಹಾಳೆ ಹೇಳುತ್ತಿತ್ತು. ಇದಕ್ಕೆ ನಾನು ರುಜು ಹಾಕಬೇಕಿತ್ತು.

ಅದಕ್ಕೆ ಒಂದು ಉಪಾಯ ಮಾಡಿದೆ, ಯಾರನ್ನೂ ಕೇಳದೆ. ನಾಲ್ಕು ಸ್ಕೂಲಿನ ಮೊದಲಿಗರಿಗೂ ಒಂದೇ ಗಣಿತದ ಪ್ರಶ್ನೆಗಳನ್ನೂ ಒಂದೇ ಕನ್ನಡ ಪ್ರಬಂಧವನ್ನೂ ಕೊಟ್ಟು ಬರೆಸಿದೆ. ಮಾಗಡಿಯವರು ನಾಲ್ವರಲ್ಲಿ ತಾವೇ ಒಬ್ಬನನ್ನು ಆರಿಸಿ ಕೂರಿಸಿದರು. ಅಕ್ಷರ ನೋಡಿ ಹುಡುಗನ ಗುರುತು ಹತ್ತದಿರಲಿ ಎಂದು ನಾಲ್ಕನ್ನೂ ನನ್ನ ಕೈಯಲ್ಲೇ ನಕಲು ಮಾಡಿ, ಹೆಸರಿನ ಬದಲು ಅ, ಆ, ಇ, ಈ ಎಂದು ಗುರುತು ಹಾಕಿದೆ. ಆಮೇಲೆ ಅದೇ ಕಟ್ಟನ್ನು ನಾಲ್ಕು ಹೆಡ್‌ಮೇಷ್ಟರ ಮುಂದೆಯೂ ಇಟ್ಟು, ನಿಮ್ಮ ಪದ್ಧತಿಯಲ್ಲೇ ಅಂಕ ಹಾಕಿ ಎಂದೆ. ಒಂದೇ ರಾಗಿಯನ್ನು ನಾಲ್ಕು ಕೊಳಗದಲ್ಲಿ ಅಳೆದರೆ ಕೊಳಗದ ಗಾತ್ರ ತಿಳಿಯುತ್ತದಲ್ಲ, ಅಷ್ಟೇ ನನ್ನ ಬುದ್ಧಿವಂತಿಕೆ.

ಹೇಳುವಷ್ಟು ಸುಲಭವಾಗಿ ಅದು ಆಗಲಿಲ್ಲ. ಕ್ಲೋಸ್‌ಪೇಟೆಯವರು ಮೊದಲು ಕಟ್ಟನ್ನು ಮುಟ್ಟಲೇ ಇಲ್ಲ.

"ಇಷ್ಟು ವರ್ಷ ಪಾಠ ಹೇಳಿದ ಮೇಲೆ ಈಗ ನನಗೇ ಪರೀಕ್ಷೆ ಇಡ್ತಾ ಇದ್ದೀರೇನ್ರೀ?"

ನಿಮಗಲ್ಲ, ಅಂಕಕ್ಕೆ ಎಂದು ಎರಡು ಸಲ ಹೋಗಿ ಗೋಗರೆದ ಮೇಲೆ ಒಪ್ಪಿದರು. ಮಾಗಡಿಯವರು ನಾಲ್ಕೂ ಉತ್ತಮ ಎಂದು ಬರೆದು ಕೈ ತೊಳೆದುಕೊಂಡರು. ಉತ್ತಮದಲ್ಲಿ ಯಾವುದು ಮೇಲು ಎಂದು ಅವರ ಬಾಯಿಂದ ಹೊರಡಿಸಲು ನಾನು ಅಲ್ಲಿ ಒಂದು ದಿನ ಉಳಿಯಬೇಕಾಯಿತು. ಬಿಸಿಲು, ಗಾಡಿಯ ಧೂಳು, ಸತ್ರದ ತಿಳಿಸಾರು. ಈ ಕೆಲಸಕ್ಕೆ ಯಾರೂ ನನ್ನನ್ನು ಕಳಿಸಿರಲಿಲ್ಲ ಎಂಬುದು ನೆನಪಾದಾಗಲೆಲ್ಲ ನನ್ನ ಮೇಲೇ ಸಿಟ್ಟು ಬರುತ್ತಿತ್ತು.

ಆದರೆ ಫಲ ಬಂತು. 'ಇ' ಎಂಬ ಗುರುತಿನ ಪತ್ರಿಕೆಗೆ ಕ್ಲೋಸ್‌ಪೇಟೆಯವರು ಅರವತ್ತೊಂದು ಕೊಟ್ಟು, ಇಷ್ಟು ನಾನು ಯಾರಿಗೂ ಕೊಟ್ಟವನಲ್ಲ ಎಂದು ಪಶ್ಚಾತ್ತಾಪಪಟ್ಟರು. ಚನ್ನಪಟ್ಟಣದವರು ಅದಕ್ಕೆ ತೊಂಬತ್ತೆಂಟು ಕೊಟ್ಟರು. ಗುರುತಿಲ್ಲದೆ ಸಿಕ್ಕ ತಮ್ಮದೇ ಹುಡುಗನ ಪತ್ರಿಕೆಗೆ ತೊಂಬತ್ತು. ಮಾಗಡಿಯವರು ಉತ್ತಮಗಳಲ್ಲಿ ಅದೇ ಮೊದಲು ಎಂದರು. ಕಾನಕಾನಹಳ್ಳಿಯ ಮೇಷ್ಟ್ರು ಹನ್ನೊಂದೂವರೆ ಆಣೆ ಹಾಕಿದರು, ಉಳಿದ ಮೂರಕ್ಕೂ ಒಂಬತ್ತರ ಒಳಗೆ. 'ಇ' ಎಂದರೆ ಕಾನಕಾನಹಳ್ಳಿಯ ಹುಡುಗ. ಅವರಿಗೂ ಅದು ತಮ್ಮ ಶಿಷ್ಯನದೆಂದು ಗೊತ್ತಿರಲಿಲ್ಲ. ನಾಲ್ಕು ಜನ, ನಾಲ್ಕು ಅಳತೆ, ಒಂದೇ ತೀರ್ಪು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಎಲ್ಲವನ್ನೂ ಅಂದವಾಗಿ ಕೋಷ್ಟಕ ಕಟ್ಟಿ ಇನ್ಸ್‌ಪೆಕ್ಟರ ಮೇಜಿನ ಮೇಲಿಟ್ಟೆ. ಕ್ಲೋಸ್‌ಪೇಟೆಯ ಅರವತ್ತೊಂದು, ಚನ್ನಪಟ್ಟಣದ ತೊಂಬತ್ತೆಂಟು, ಕಾನಕಾನಹಳ್ಳಿಯ ಹನ್ನೊಂದೂವರೆ ಆಣೆ ಮೂರೂ ಒಂದೇ ಎಂದು ವಿವರಿಸಿದೆ. ಅದರ ಜೊತೆಗೆ ಇನ್ನೊಂದು ಮಾತನ್ನೂ ಸೇರಿಸಿದೆ. ವಾರಕ್ಕೆ ಎಂಟು ಪಾಠ ನಡೆಯುವ ಇಂಗ್ಲಿಷಿಗೂ ಒಂದೇ ಪಾಠ ನಡೆಯುವ ಡ್ರಿಲ್ಲಿಗೂ ಸರಾಸರಿಯಲ್ಲಿ ಒಂದೇ ತೂಕ ಸಿಕ್ಕುತ್ತಿದೆ; ಚನ್ನಪಟ್ಟಣದ ಹುಡುಗನ ಸರಾಸರಿಯನ್ನು ಎತ್ತಿ ಹಿಡಿದಿರುವುದೇ ಡ್ರಿಲ್ಲು. ಪಾಠದ ಲೆಕ್ಕಕ್ಕೆ ಗುಣಿಸಿ ಆಮೇಲೆ ಭಾಗಿಸಿದರೆ ನ್ಯಾಯ ಎಂದೆ.

ಅವರು ಕೋಷ್ಟಕವನ್ನು ತಿರುಗಿಸಿ ಹಿಂಬದಿ ಖಾಲಿಯಿದೆಯೇ ಎಂದು ನೋಡಿದರು.

"ರೀ, ಸರಾಸರಿ ಅಂದರೆ ಏನು?"

"ಕೂಡಿ ಭಾಗಿಸೋದು ಸರ್."

"ಗುಣಿಸೋದು ಎಲ್ಲಿಂದ ಬಂತು? ನಿಮ್ಮನ್ನ ಪರೀಕ್ಷೆ ಮಾಡೋಕೆ ಕಳಿಸಿದ್ದಲ್ಲ, ಕೂಡೋಕೆ ಕಳಿಸಿದ್ದು. ನಾಲ್ಕು ಹೆಡ್‌ಮೇಷ್ಟರಿಗೂ ಒಬ್ಬರ ಅಂಕ ಒಬ್ಬರಿಗೆ ತೋರಿಸಿ ಜಗಳ ತಂದಿಡ್ತೀರೇನು? ಅವರು ರುಜು ಹಾಕಿದ ಪಟ್ಟಿ ಇದೆ. ಅದನ್ನ ಕೂಡಿ. ಸೋಮವಾರ ನನಗೆ ಹೆಸರು ಬೇಕು."

"ಕಾನಕಾನಹಳ್ಳಿಯವರು ಹದಿನಾರು ಅಂತ ಬರೆದಿದ್ದಾರೆ ಸರ್. ಆದರೆ ಅವರಲ್ಲಿ ಹದಿನಾರು ಯಾರಿಗೂ..."

"ಅವರಿಗೆ ತಿದ್ದಬೇಕು ಅನ್ನಿಸಿದರೆ ಅವರೇ ತಿದ್ದಿ ರುಜು ಹಾಕಲಿ. ಸೋಮವಾರದ ಒಳಗೆ."

ನನ್ನ ಕೋಷ್ಟಕ ಬೀರುವಿನ ಮೇಲೆ ಹೋಗಿ ಕೂತಿತು. ಎಷ್ಟು ಬೇಸರವಾಯಿತೆಂದರೆ ಅವತ್ತು ನಾನು ಊಟಕ್ಕೂ ಏಳಲಿಲ್ಲ. ಇವರಿಗೆ ಓದಿ ಹೇಳುವುದೂ ಒಂದೇ, ಗೋಡೆಗೆ ಹೇಳುವುದೂ ಒಂದೇ. ಕೆಲಸ ಬಿಟ್ಟು ಯಾವುದಾದರೂ ಊರಲ್ಲಿ ಮೇಷ್ಟ್ರಾಗಿ ಹೋಗಿಬಿಡೋಣ ಎಂದೂ ಅನ್ನಿಸಿತು. ಆಮೇಲೆ, ಆ ಮೇಷ್ಟ್ರುಗಳ ಸಹವಾಸ ಸಾಕಾಗಿದೆ ಎಂಬುದು ನೆನಪಾಯಿತು.

ಶುಕ್ರವಾರ ಮತ್ತೆ ಗಾಡಿ ಹತ್ತಿದೆ. ಹಾದಿಯುದ್ದಕ್ಕೂ ಹಿಪ್ಪುನೇರಳೆ ಹೊಲ. ಗಾಡಿಯವನು ನನ್ನ ಗುರುತು ಹಿಡಿದಿದ್ದ.

"ಏನ್ ಬುದ್ಧಿ, ಕಾನ್ಕಾನಳ್ಳೀಲಿ ಹೆಣ್ಣು ಗಿಣ್ಣು ನೋಡಿದ್ದೀರಾ? ವಾರ ವಾರ ಬತ್ತೀರಲ್ಲ" ಎಂದ.

ನಗಲು ಕೂಡ ನನಗೆ ಶಕ್ತಿ ಇರಲಿಲ್ಲ.

ಸ್ಕೂಲಿನ ಜಗಲಿಯ ಮೇಲೆ ಕಂಬಳಿ ಹೊದ್ದ ಒಬ್ಬ ಮನುಷ್ಯ ಕೂತಿದ್ದ. ಪಕ್ಕದಲ್ಲಿ ನಮ್ಮ ಹನ್ನೆರಡಾಣೆ ಹುಡುಗ. ಅವನು ಹುಡುಗನ ಅಪ್ಪ, ಕುರಿ ಸಾಕುವವನು. ನಾನು ಬರುತ್ತೇನೆಂಬ ಸುದ್ದಿ ತಿಳಿದು ಹಳ್ಳಿಯಿಂದ ನಡೆದು ಬಂದಿದ್ದ. ಎದ್ದು ಕೈ ಮುಗಿದ.

"ಬುದ್ಧಿ, ನಂಗೆ ಎರಡ್ರಲ್ಲಿ ಒಂದ್ ಹೇಳ್ಬುಡಿ. ಆ ಜಾಗ ಇವನ್ಗೆ ಸಿಕ್ಕೋದಾದ್ರೆ ಬೆಂಗ್ಳೂರ್ಗೆ ಓಗ್ಲಿ. ಸಿಕ್ಕಾಕಿಲ್ಲ ಅಂದ್ರೆ ಮಂದೆ ಇಂದೆ ಓಗ್ಲಿ. ಮೇವು ಮುಗೀತು, ಮಂದೆ ಒಳೆ ಆಚೆ ಒಡೀಬೇಕು. ನಿಮ್ ಮಾತಿಗೆ ಕಾದು ಕಾದು ಕುರಿ ಬಡವಾದೊ."

"ಅವನು ಮಂದೆಯ ಹಿಂದೆ ಹೋದರೆ ಮತ್ತೆ ಓದು?"

"ಒಳೆ ದಾಟಿದ ಮ್ಯಾಕೆ ಓದು ಎಲ್ಲೈತೆ ಬುದ್ಧಿ? ಹನ್ನೊಂದೂವರೆ ಆಣೆ ಅಂದ್ರೆ ಊರ್ನಾಗೆಲ್ಲ ಇವನೇ ಎಚ್ಚು ಅಂತಾರೆ. ನಿಮ್ ಬೆಂಗ್ಳೂರ್ನಾಗೆ ಅದು ಸಾಲಾಕಿಲ್ವಾ?"

ಹುಡುಗ ನನ್ನನ್ನು ನೋಡಲೇ ಇಲ್ಲ, ನೆಲ ನೋಡುತ್ತಿದ್ದ. ಒಳಗೆ ಹೋದೆ.

ಮೇಷ್ಟರಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ನಿಮ್ಮ ಶಿಷ್ಯ ನಾಲ್ಕು ಊರಿಗೂ ಮೊದಲಿಗ, ಅದನ್ನು ನಾಲ್ಕು ಜನವೂ ಒಪ್ಪಿದ್ದಾರೆ, ನೀವೂ ಒಪ್ಪಿದ್ದೀರಿ. 'ಇ' ಪತ್ರಿಕೆ ಅವನದೇ ಎಂದಾಗ ಅವರ ಮುಖದಲ್ಲಿ ಒಂದು ಕ್ಷಣ ಹಿಗ್ಗು ಕಾಣಿಸಿತು. ಆದರೆ ಅಂಕ ತಿದ್ದಿ ಕೊಡಿ, ಹದಿನೈದು ಅಂತ ಹಾಕಿ ಎಂದ ಕೂಡಲೇ ಮುಖ ಬಿಗಿಯಿತು.

"ಆಗಾಕಿಲ್ಲ."

"ನಿಮ್ಮದೇ ಹುಡುಗ ಮೇಷ್ಟ್ರೇ."

"ನಮ್ಮುಡುಗ ಅಂತ ಸುಳ್ಳು ಬರೆಯಾನಾ? ಆ ಹುಡುಗನ್ಗೆ ನಾ ಒಂದು ಆಣೆ ಕಮ್ಮೀನೂ ಕೊಟ್ಟಿಲ್ಲ, ಒಂದು ಪೈ ಜಾಸ್ತೀನೂ ಕೊಟ್ಟಿಲ್ಲ. ಹನ್ನೊಂದೂವರೆ ಅಂದ್ರೆ ಹನ್ನೊಂದೂವರೆ. ನೀವು ಬಂದು ತಿದ್ದು ಅಂದ್ರೆ ತಿದ್ದಾಕೆ ಅದೇನು ಗೋಡೆ ಮ್ಯಾಲಿನ ಸುಣ್ಣವಾ?"

ಸ್ಕೂಲಿಗೆ ಅಂಟಿಕೊಂಡ ಮನೆಯೊಳಗಿನಿಂದ ಅವರ ಹೆಂಡತಿ ಮಜ್ಜಿಗೆ ತಂದಿಟ್ಟರು. ಮಾತೆಲ್ಲ ಕೇಳಿಸಿಕೊಂಡಿದ್ದರು.

"ಕೈಯಿಂದ ಏನಾರ ಕೊಡ್ಬೇಕಾ ನೀವು? ಎರಡಾಣೆ ಜಾಸ್ತಿ ಬರ್ದ್ರೆ ಮಗ ಓದ್ಕತ್ತದೆ."

"ನಿಂಗೆ ಗೊತ್ತಾಗಾಕಿಲ್ಲ, ಒಳೀಕೋಗು" ಎಂದರು ಮೇಷ್ಟ್ರು. ಆಕೆ ಹೋಗಲಿಲ್ಲ. ಬಾಗಿಲಿಗೆ ಒರಗಿ ನಿಂತರು.

ನನ್ನ ತಾಳ್ಮೆ ತಪ್ಪಿತು. ಇನ್ಸ್‌ಪೆಕ್ಟರು ಒಂದು ಕಡೆ, ಇವರು ಒಂದು ಕಡೆ, ನಡುವೆ ನಾನು. ಒಬ್ಬರಿಗೆ ನ್ಯಾಯ ಬೇಡ, ಕೂಡಿಸಿದ ಸಂಖ್ಯೆ ಸಾಕು. ಇನ್ನೊಬ್ಬರಿಗೆ ನ್ಯಾಯ ಬೇಕು, ಸಂಖ್ಯೆ ಮುಟ್ಟಿದರೆ ಮೈಲಿಗೆ. ಹೊರಗೆ ಜಗಲಿಯ ಮೇಲೆ ಆ ಅಪ್ಪ ಎರಡರಲ್ಲಿ ಒಂದು ಮಾತಿಗೆ ಕಾದು ಕೂತಿದ್ದಾನೆ. ಮಜ್ಜಿಗೆ ಕುಡಿಯದೆ ಎದ್ದೆ. ಎದ್ದವನು ಹೊಸ್ತಿಲವರೆಗೂ ಹೋಗಿ, ಸಿಟ್ಟಿನ ಭರದಲ್ಲೇ ಕೇಳಿದೆ:

"ನಿಮ್ಮ ಸ್ಕೂಲಲ್ಲಿ ಹುಡುಗ ಅನ್ನಿಸಿಕೊಂಡವನು ಹೆಚ್ಚು ಅಂದರೆ ಎಷ್ಟು ತಗೋಬಹುದು ಮೇಷ್ಟ್ರೇ? ಯಾವನೇ ಆಗಲಿ, ಎಷ್ಟೇ ಜಾಣ ಆಗಲಿ?"

"ಆಗ್ಲೇ ಹೇಳ್ನಲ್ಲ. ಹನ್ನೆರಡು."

"ಹದಿಮೂರು?"

"ಸಾಧ್ಯವೇ ಇಲ್ಲ."

ನಾನು ಅಲ್ಲೇ ನಿಂತೆ. ಇಷ್ಟು ದಿನ ನಾನು ಅವರನ್ನು ಕೇಳುತ್ತಿದ್ದದ್ದು ಎರಡನೆಯ ಕಂಬದ ಪ್ರಶ್ನೆ. ಅವರು ಇದೀಗ ಉತ್ತರ ಹೇಳಿದ್ದು ಮೊದಲನೆಯ ಕಂಬದ್ದು. ವಾಪಸು ಬಂದು ಹಾಳೆಯನ್ನು ಅವರ ಮುಂದೆ ಬಿಚ್ಚಿದೆ.

"ಹಾಗಿದ್ದರೆ ಹುಡುಗನ ಅಂಕ ನೀವು ಮುಟ್ಟಬೇಡಿ. ಹನ್ನೊಂದೂವರೆ ಹಾಗೇ ಇರಲಿ. ಇಲ್ಲಿ ಪೂರ್ಣಾಂಕ ಅಂತಿದೆ. ನೀವು ಹದಿನಾರು ಅಂತ ಬರೆದಿದ್ದೀರಿ. ಅದು ದೇವರ ಪೂರ್ಣಾಂಕ. ಈ ಪರೀಕ್ಷೆಗೆ ದೇವರು ಕೂತಿಲ್ಲ, ನೀವೂ ಕೂತಿಲ್ಲ. ಹುಡುಗರ ಪೂರ್ಣಾಂಕ ಎಷ್ಟೋ ಅದನ್ನು ಬರೆಯಿರಿ."

ಮೇಷ್ಟ್ರು ಹಾಳೆಯನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. ಸುಳ್ಳು ಎಲ್ಲಿ ಅಡಗಿದೆ ಎಂದು ಹುಡುಕುತ್ತಿದ್ದಾರೆ ಎಂಬುದು ಕಾಣುತ್ತಿತ್ತು. ಸಿಗಲಿಲ್ಲ. ದೌತಿಯನ್ನು ಹತ್ತಿರ ಎಳೆದುಕೊಂಡು, ಹದಿನಾರನ್ನು ಹೊಡೆದು, ಹನ್ನೆರಡು ಎಂದು ಬರೆದರು. ರುಜು ಹಾಕಲು ಲೇಖನಿ ಅದ್ದಿದರು. ಹಾಗೇ ನಿಂತರು.

ತುಟಿ ಅಲ್ಲಾಡುತ್ತಿತ್ತು. ಲೆಕ್ಕ ಹಾಕುತ್ತಿದ್ದರು.

"ಹನ್ನೆರಡಕ್ಕೆ ಹನ್ನೊಂದೂವರೆ ಅಂದ್ರೆ, ಹದಿನಾರಕ್ಕೆ ಹದಿನೈದಾಣೆ ನಾಕು ಪೈ."

"ಹೌದು."

"ನಂಗೆ ಗೊತ್ತಿರೋದು ಹದಿನಾಕಾಣೆ."

ಆ ಲೆಕ್ಕ ಹಾಗಲ್ಲ, ಇದು ಬೇರೆ ಅಳತೆ, ಅದು ಬೇರೆ ಅಳತೆ ಎಂದು ಸಮಜಾಯಿಷಿ ಹೇಳಬಹುದಿತ್ತು. ಈ ಮನುಷ್ಯನ ಮುಂದೆ ಹಾಗೆ ಜಾರಿಕೊಳ್ಳಲು ನನಗೆ ನಾಚಿಕೆಯಾಯಿತು. ಜೀವಮಾನವೆಲ್ಲ ಒಂದೇ ಅಳತೆಯಲ್ಲಿ ಎಲ್ಲರನ್ನೂ, ತನ್ನನ್ನೂ, ಅಳೆದವರು ಅವರು. ಈ ರುಜು ಬಿದ್ದರೆ ಕುರಿ ಕಾಯುವವನ ಮಗ ಅವರಿಗಿಂತ ಮೇಲೆ ಹೋಗಿ ನಿಲ್ಲುತ್ತಿದ್ದ, ಅದೂ ಅವರದೇ ಕೈಬರಹದಲ್ಲಿ. ಲೇಖನಿಯ ತುದಿಯಿಂದ ಒಂದು ತೊಟ್ಟು ಶಾಯಿ ಮಣೆಯ ಮೇಲೆ ಬಿತ್ತು. ಬಾಗಿಲಲ್ಲಿದ್ದ ಅವರ ಹೆಂಡತಿ ಸೆರಗಿನ ತುದಿ ಹಿಡಿದು ನಿಂತೇ ಇದ್ದರು.

"ಬಾರ್ಲಾ ಇಲ್ಲಿ" ಎಂದು ಮೇಷ್ಟ್ರು ಹೊರಗೆ ಕೂಗಿದರು. ಹುಡುಗ ಬಂದು ಕೈ ಕಟ್ಟಿ ನಿಂತ.

"ಹದಿನಾರಕ್ಕೆ ಹದಿನೈದಾಣೆ ನಾಕು ಪೈ. ಹನ್ನೆರಡಕ್ಕೆ ಎಷ್ಟಾಯ್ತದೆ?"

ಹುಡುಗ ಕಣ್ಣು ಮಿಟುಕಿಸುವುದರೊಳಗೆ, "ಹನ್ನೊಂದೂವರೆ ಮೇಷ್ಟ್ರೇ" ಎಂದ.

"ಊಂ" ಎಂದು ಮೇಷ್ಟ್ರು ರುಜು ಹಾಕಿದರು.

ಹೊರಗೆ ಬಂದು ಹುಡುಗನ ಅಪ್ಪನಿಗೆ, ಸೋಮವಾರ ದಾಟಲಿ, ಅಲ್ಲಿಯವರೆಗೆ ಮಂದೆಯನ್ನು ನೀನೇ ನೋಡಿಕೋ ಎಂದೆ. ಅಷ್ಟು ಹೇಳುವ ಧೈರ್ಯವೂ ನನಗೆ ಆಗ ತಾನೇ ಬಂದಿತ್ತು.

ಸೋಮವಾರ ಇನ್ಸ್‌ಪೆಕ್ಟರು ಹಾಳೆಯನ್ನು ನೋಡಿದ್ದು ಎಲೆಯಡಿಕೆ ಜಗಿಯುವಷ್ಟು ಹೊತ್ತು. ಕಾನಕಾನಹಳ್ಳಿಯ ಸಾಲಿನಲ್ಲಿ ಬೆರಳಿಟ್ಟರು.

"ಹನ್ನೆರಡಕ್ಕಾ?"

"ಹೌದು ಸರ್. ಹೆಡ್‌ಮೇಷ್ಟ್ರು ತಿದ್ದಿ ರುಜು ಹಾಕಿದ್ದಾರೆ."

"ಸರಿ. ತೊಂಬತ್ತಾರರ ಹತ್ತಿರ. ಇವನೇ ಮೊದಲು. ನೋಡಿದಿರೇನ್ರೀ, ಕೂಡಿ ಭಾಗಿಸಿದರೆ ತಾನಾಗಿ ಬಂತು. ನಿಮ್ಮ ಗುಣಾಕಾರ ಎಲ್ಲ ಬೇಕಿತ್ತೇ?"

ಮೊಹರು ಬಿತ್ತು. ಬೀರುವಿನ ಮೇಲಿನ ನನ್ನ ಕೋಷ್ಟಕವನ್ನು ಅವರು ಕಣ್ಣೆತ್ತಿಯೂ ನೋಡಲಿಲ್ಲ. ಹುಡುಗನಿಗೆ ಜಾಗ ಸಿಕ್ಕಿತು, ಮಂದೆ ಅವನಿಲ್ಲದೆ ಹೊಳೆ ದಾಟಿತು. ನನಗೆ ಸಂತೋಷವಾಗಬೇಕಿತ್ತು, ಆಯಿತು ಕೂಡ. ಅವನು ನ್ಯಾಯವಾಗಿ ಗೆದ್ದಿದ್ದ. ಆದರೆ ಗೆಲ್ಲಿಸಿದ್ದು ನ್ಯಾಯವಲ್ಲ, ಒಂದು ಕಂಬದಲ್ಲಿ ಹೊಡೆದುಹಾಕಿದ ಒಂದು ಸಂಖ್ಯೆ. ಆ ಮೇಷ್ಟ್ರು ಇನ್ನಷ್ಟು ಹಟ ಹಿಡಿದಿದ್ದರೆ? ಕ್ಲೋಸ್‌ಪೇಟೆಯ ಐವತ್ತೆಂಟರ ಹುಡುಗನಿಗೆ ಇಂಥ ಬಾಗಿಲೂ ಇರಲಿಲ್ಲ. ಅವನ ಪೂರ್ಣಾಂಕ ನೂರೇ ಆಗಿತ್ತು.

ಮುಂದಿನ ವರ್ಷವೂ ಅದೇ ಕೆಲಸ ನನ್ನ ಪಾಲಿಗೇ ಬಂತು. ಕ್ಲೋಸ್‌ಪೇಟೆಯಲ್ಲಿ ಯಾರೂ ಅರವತ್ತು ದಾಟಿರಲಿಲ್ಲ. ಚನ್ನಪಟ್ಟಣದಲ್ಲಿ ಯಾರೂ ಎಪ್ಪತ್ತೈದಕ್ಕೆ ಇಳಿದಿರಲಿಲ್ಲ. ಮಾಗಡಿಯಲ್ಲಿ ಉತ್ತಮರ ಸಂತೆ. ಏನೂ ಬದಲಾಗಿರಲಿಲ್ಲ. ಕಾನಕಾನಹಳ್ಳಿಗೆ ಹೋದಾಗ ಮೇಷ್ಟ್ರು ತುಂಬ ಇಳಿದುಹೋಗಿದ್ದರು. ಪಟ್ಟಿ ಕೊಟ್ಟರು. ಪೂರ್ಣಾಂಕದ ಕಡೆ ನೋಡಿದೆ. ಹದಿನಾರೂ ಅಲ್ಲ, ಹನ್ನೆರಡೂ ಅಲ್ಲ. ಹದಿನಾಲ್ಕು.

"ಇದೇನು ಮೇಷ್ಟ್ರೇ? ಹದಿನಾಲ್ಕು ನಿಮ್ಮದಲ್ಲವೇ?"

"ನಂದೇಯಾ. ಹೋದ್ ವರ್ಸ ಆ ರುಜು ಹಾಕಿದ್ ಮ್ಯಾಕೆ ಅದು ನಂತಾವ ಎಲ್ಲೈತೆ? ಐಕ್ಳಿಗೆ ಬುಟ್ಟುಕೊಟ್ಟೆ."

"ಮತ್ತೆ ನಿಮಗೆ ಎಷ್ಟು ಉಳಿಯಿತು?"

ಅವರು ಶಲ್ಯದಿಂದ ಬೋರ್ಡು ಒರೆಸುತ್ತಿದ್ದವರು ತಿರುಗಲಿಲ್ಲ.

"ಹನ್ನೆರಡು. ಇನ್ನೂ ಒಸಿ ಕಲಿಯೋದೈತೆ ಸೋಮಿ."

ನಾನು ಜಗಲಿಯ ಮೇಲೆ ಕೂತು ಹದಿನಾಲ್ಕಕ್ಕೆ ಬಂದ ಅಂಕಗಳನ್ನು ನೂರಕ್ಕೆ ತಿರುಗಿಸತೊಡಗಿದೆ. ಒಂದೂ ಸಮವಾಗಿ ಭಾಗವಾಗಲಿಲ್ಲ.